ಗಿರಣಿ ಮನೆಯ ಧೂಳಿಗೆ ಕೊಳವೆ ಮತ್ತು ತೂಬು

ಸುಗ್ಗಿಯ ನಂತರ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗಿರಣಿ ಮನೆಗಳಲ್ಲಿ ಕಾಲಿಟ್ಟವರಿಗೆ ಅಲ್ಲಿನ ಧೂಳಿನ ಪರಿಚಯವಿರುತ್ತದೆ. ಒಂದು ಕಡೆ ಮುಸುಕಿನ ಜೋಳ ಬಿಡಿಸುವ ಯಂತ್ರ, ಇನ್ನೊಂದು ಕಡೆ ರಾಗಿ ಹಸನು ಮಾಡುವ ಯಂತ್ರ, ಮೂಲೆಯಲ್ಲಿ ಹಿಟ್ಟಿನ ಗಿರಣಿ. ಮೂಗಿಗೆ ಟವೆಲು ಕಟ್ಟಿಕೊಂಡರೆ ನವುರಾದ ಧೂಳು ನಿಲ್ಲುವುದಿಲ್ಲ. ಬೂಷ್ಟು ಹಿಡಿದ ಕಾಳಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಕೆಮ್ಮು, ಏದುಸಿರು ಅಂಟಿಕೊಳ್ಳುತ್ತವೆ. ಗಾಳಿಯಲ್ಲಿ ದಟ್ಟವಾಗಿ ತೇಲುವ ಹಿಟ್ಟಿಗೆ ಕಿಡಿ ತಗುಲಿದರೆ ಅದು ಮದ್ದಿನಂತೆ ಸಿಡಿಯಲೂಬಹುದು.

ಧೂಳು ಏಳುವ ಜಾಗದಲ್ಲೇ ಅದನ್ನು ಹೀರಿ, ಕೊಳವೆಯ ಮೂಲಕ ಹೊರಗಿನ ಸುಳಿಪೀಪಾಯಿಗೆ ಒಯ್ಯುವುದೇ ಸರಿಯಾದ ದಾರಿ. ಆದರೆ ಮೊದಲು ಫ್ಯಾನು ಕೊಂಡು, ಆಮೇಲೆ ಸಿಕ್ಕಿದ ಕೊಳವೆ ಜೋಡಿಸಬೇಡಿ. ನಾನೂ ಒಮ್ಮೆ ಲೆಕ್ಕ ಹಾಕದೆ ದಪ್ಪ ಕೊಳವೆ ಹಾಕಿಸಿ, ಅದು ಎರಡೇ ವಾರದಲ್ಲಿ ಕಟ್ಟಿಕೊಂಡಾಗ ಬಿಚ್ಚಿಸಿದವನು.

ಹೇಮಾವತಿ ಕಾಲುವೆಯ ನೀರು ಕಂಡವರಿಗೆ ಇದು ಕಷ್ಟದ ವಿಷಯವಲ್ಲ. ನೀರು ನಿಧಾನವಾದಲ್ಲಿ ಹೂಳು ಕೂರುತ್ತದೆ. ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆದರೆ ಕೊನೆಯಂಚಿನ ಗದ್ದೆಗೆ ನೀರೇ ಮುಟ್ಟುವುದಿಲ್ಲ. ಗಾಳಿಯೂ ಹಾಗೆಯೇ. ಧೂಳು ಕೊಳವೆಯಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಈ ವೇಗದಲ್ಲಿ 10 ಸೆಂ.ಮೀ. ವ್ಯಾಸದ ಕೊಳವೆ ಗಂಟೆಗೆ ಸುಮಾರು 565 ಘನ ಮೀಟರ್, 15 ಸೆಂ.ಮೀ.ನದು ಸುಮಾರು 1,270 ಘನ ಮೀಟರ್ ಗಾಳಿ ಒಯ್ಯುತ್ತದೆ. ಅಂದರೆ 15 ಸೆಂ.ಮೀ. ಮುಖ್ಯ ಕೊಳವೆಗೆ 10 ಸೆಂ.ಮೀ.ನ ಎರಡು ಕವಲುಗಳು ತೆರೆದಿರಬೇಕು. ಒಂದೇ ಕವಲಿನ ಗಾಳಿ ಬಂದರೆ ಮುಖ್ಯ ಕೊಳವೆಯಲ್ಲಿ ವೇಗ ಸುಮಾರು 9 ಮೀಟರಿಗೆ ಇಳಿಯುತ್ತದೆ, ಹೂಳು ಕೂರುತ್ತದೆ. ನನ್ನ ತಪ್ಪೂ ಇದೇ ಆಗಿತ್ತು.

ಆದ್ದರಿಂದ ಒಂದು ಹಾಳೆಯ ಮೇಲೆ ಯಂತ್ರಗಳನ್ನು ಗುರುತಿಸಿ, ಏಕಕಾಲಕ್ಕೆ ಎಷ್ಟು ನಡೆಯುತ್ತವೆ ಎಂದು ಬರೆದುಕೊಳ್ಳಿ. ಮೂರು ಯಂತ್ರಗಳಿದ್ದು ಎರಡು ಮಾತ್ರ ನಡೆಯುವುದಾದರೆ ಫ್ಯಾನನ್ನು ಎರಡಕ್ಕೆ ಲೆಕ್ಕ ಹಾಕಿದರೆ ಸಾಕು. ಪ್ರತಿ ಕವಲಿಗೂ ಕೈಗೆಟಕುವಲ್ಲಿ ಜಾರುವ ತಗಡಿನ ತೂಬು, ಅಂದರೆ ಬ್ಲಾಸ್ಟ್ ಗೇಟ್, ಇರಲಿ. ನಿಂತ ಯಂತ್ರದ ತೂಬು ಮುಚ್ಚಬೇಕು. ಒಂದೇ ಯಂತ್ರ ನಡೆಯುವಾಗ ಇನ್ನೊಂದು ತೂಬನ್ನೂ ತೆರೆದಿಡಿ, ವೇಗ ಉಳಿಯುತ್ತದೆ. ತೂಬು ಜಾರುವ ತೋಡಿನಲ್ಲಿ ಧೂಳು ಕಟ್ಟಿದರೆ ಅದು ಪೂರ್ತಿ ಮುಚ್ಚುವುದಿಲ್ಲ, ವಾರಕ್ಕೊಮ್ಮೆ ಕೆರೆಯಿರಿ.

ಕವಲು ಮುಖ್ಯ ಕೊಳವೆಯನ್ನು ಸೇರುವಲ್ಲಿ ನೇರ ಅಡ್ಡವಾಗಿ ಚುಚ್ಚದೆ, ಗಾಳಿ ಹರಿಯುವ ದಿಕ್ಕಿಗೆ 30ರಿಂದ 45 ಡಿಗ್ರಿ ಓರೆಯಾಗಿ, ಮೇಲಿನಿಂದ ಅಥವಾ ಪಕ್ಕದಿಂದ ಸೇರಿಸಿ. ತಿರುವುಗಳು ಅಗಲವಾಗಿರಲಿ. ಫ್ಲೆಕ್ಸಿಬಲ್ ಕೊಳವೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಅದರ ಸುಕ್ಕುಗಳೇ ಗಾಳಿಗೆ ತಡೆ.

ಅಗ್ಗವೆಂದು ನೀರಾವರಿಯ ಪಿ.ವಿ.ಸಿ. ಪೈಪು ಹಾಕುವವರಿದ್ದಾರೆ. ಒಣ ಧೂಳು ಉಜ್ಜಿ ಅದರಲ್ಲಿ ವಿದ್ಯುತ್ತು ಶೇಖರವಾಗಿ ಕಿಡಿ ಹಾರಬಹುದು. ಸತು ಲೇಪಿತ ತಗಡಿನ ಕೊಳವೆ ಹಾಕಿಸಿ ಭೂಸಂಪರ್ಕ ಕೊಡಿಸಿ. ಸುಳಿಪೀಪಾಯಿ, ಬಟ್ಟೆಯ ಚೀಲ ಎರಡೂ ಗೋಡೆಯ ಹೊರಗೆ, ಕೊಟ್ಟಿಗೆಯಿಂದ ದೂರವಿರಲಿ. ಬೀಡಿ ಸೇದುವವರನ್ನು ಅತ್ತ ಬಿಡಬೇಡಿ.

ಪೀಪಾಯಿಯಲ್ಲಿ ಕೂಡಿದ ಜೋಳದ ಧೂಳನ್ನು ಹೊಟ್ಟಿನ ಜೊತೆ ಬೆರೆಸಿ ದನಗಳಿಗೆ ಹಾಕಬೇಡಿ. ಬೂಷ್ಟಿನ ವಿಷ ಅದರಲ್ಲಿ ಹೆಚ್ಚಾಗಿರಬಹುದು. ನೀರು ಚಿಮುಕಿಸಿ ಗೊಬ್ಬರದ ಗುಂಡಿಗೆ ಸುರಿಯಿರಿ.