ಹಳೆಯ ನಕ್ಷೆ, ಮರೆತ ಕಾಲುದಾರಿ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಲೋಹಶೋಧಕ ಹಿಡಿದು ಹಳೆಯ ವಸ್ತು ಹುಡುಕುವ ಹವ್ಯಾಸಿಗಳು ಮೊದಲು ಬಿಡಿಸುವುದು ಹಳೆಯ ನಕ್ಷೆಯನ್ನು. ಏಕೆ ಗೊತ್ತೆ? ಹೊಲ ಎಕರೆಗಟ್ಟಲೆ, ಯಂತ್ರಕ್ಕೆ ನಾಣ್ಯ ಗೋಚರಿಸುವುದು ಸುಮಾರು ಗೇಣು ಆಳದವರೆಗೆ ಮಾತ್ರ. ಚರ್ಚಿನ ದಶಾಂಶ ಕಂದಾಯಕ್ಕಾಗಿ 1836ರ ಕಾಯಿದೆಯ ನಂತರ ತಯಾರಾದ ನಕ್ಷೆಗಳಲ್ಲಿ ಹೊಲಗಳಿಗೆ ಸಂಖ್ಯೆ, ಜೊತೆಯ ಪಟ್ಟಿಯಲ್ಲಿ ಹೆಸರು ಇವೆ. ‘ಜಾತ್ರೆ ಹೊಲ’ ಎಂದಿದ್ದರೆ ಅಲ್ಲಿ ಜನ ಸೇರಿದ್ದಾರು, ಕಾಸೂ ಉದುರಿದ್ದೀತು. ಇಂದಿನ ನಕ್ಷೆಯ ಪಕ್ಕದಲ್ಲಿಟ್ಟರೆ ಅಳಿದ ಕಾಲುದಾರಿಯೂ ಕಾಣುತ್ತದೆ. ಹೊಲದೊಡೆಯನ ಒಪ್ಪಿಗೆ ಪಡೆದೇ ಇಳಿಯಬೇಕು. ಸಿಗುವುದು ಬಹುಪಾಲು ಮೊಳೆ, ಗುಂಡಿ!

ಬೆಲೆಬಾಳುವುದು ಸಿಕ್ಕರೆ? ಅದು ಬಿದ್ದಿರುವ ಜಾಗವೇ ಇತಿಹಾಸದ ಸಾಕ್ಷಿ. 1992ರಲ್ಲಿ ಹಾಕ್ಸನ್ ಎಂಬ ಹಳ್ಳಿಯ ಬಳಿ ಎರಿಕ್ ಲಾಸ್ ಅವರಿಗೆ, ನಕ್ಷೆಯ ನೆರವಿಲ್ಲದೆಯೇ, ಕಳೆದ ಸುತ್ತಿಗೆ ಹುಡುಕುವಾಗ ರೋಮನ್ ನಿಧಿ ದೊರೆಯಿತು. ಅಗೆತ ನಿಲ್ಲಿಸಿ ಸುದ್ದಿ ಮುಟ್ಟಿಸಿದ್ದರಿಂದ ಪೆಟ್ಟಿಗೆಯೊಳಗಿನ ಜೋಡಣೆಯೂ ಪುರಾತತ್ವಜ್ಞರಿಗೆ ತಿಳಿಯಿತು. ಸುತ್ತಿಗೆಯೂ ಸಿಕ್ಕಿ ಬ್ರಿಟಿಷ್ ಮ್ಯೂಸಿಯಂ ಸೇರಿತು.