ರೇಟಿನ ಲೆಕ್ಕ ಮೂರು ಥರ: ಯಾವ ಪ್ರಶ್ನೆಗೆ ಯಾವ ಅಂಕಿ?

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಾನು ವಾರಕ್ಕೊಮ್ಮೆ ತರಕಾರಿ ಮಾರ್ತೀನಿ. ಎಪಿಎಂಸಿಗಿಂತ ಹೆಚ್ಚು ರೇಟು ಸಿಗುತ್ತೆ. "ಅಣ್ಣಾ, ಸಾವಯವಕ್ಕೆ ಬಂದ್ರೆ ಲಾಭನಾ?" ಅಂತ ಹುಡುಗರು ಕೇಳ್ತಾರೆ. ಉತ್ತರಕ್ಕೆ ಮೊದಲು ಅಂಕಿಗಳನ್ನು ಓದೋದು ಕಲಿಯೋಣ. ಅರ್ಥಮಿತಿ ಶಾಸ್ತ್ರದಲ್ಲಿ ದತ್ತಾಂಶ ಮುಖ್ಯವಾಗಿ ಮೂರು ಥರ.

1. ಕಾಲಸರಣಿ: ಒಂದೇ ಮಾರುಕಟ್ಟೆ, ಹಲವು ತಿಂಗಳು

ಮೆಕ್ಕೆಜೋಳ ಕೊಯ್ಲಾದ ಕೂಡಲೇ ಮಾರಬೇಕೋ, ಇಡಬೇಕೋ ಅನ್ನೋದಕ್ಕೆ ಇದು ಬೇಕು. ಆದರೆ ಹಳೇ ರೇಟನ್ನು ನೇರವಾಗಿ ಹೋಲಿಸಬೇಡಿ. 2015-16ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 1325 ರೂ. ಇತ್ತು, 2024-25ರಲ್ಲಿ 2225 ರೂ. ವರ್ಷ ಕಳೆದಂತೆ ರೇಟು ಹೇಗೂ ಏರುತ್ತೆ. ಹಾಗಾಗಿ ಪ್ರತಿ ತಿಂಗಳ ರೇಟನ್ನು ಆ ವರ್ಷದ ಸರಾಸರಿಯಿಂದ ಭಾಗಿಸಿ, 100ರಿಂದ ಗುಣಿಸಿ. ಐದು ವರ್ಷ ಹೀಗೆ ಮಾಡಿದರೆ ಯಾವ ತಿಂಗಳು 100ಕ್ಕಿಂತ ಮೇಲೆ ಅನ್ನೋದು ಕಾಣುತ್ತೆ. ಆ ಏರಿಕೆ ಗೋದಾಮಿನ ಬಾಡಿಗೆ, ಸಾಲದ ಬಡ್ಡಿ, ತೂಕದ ನಷ್ಟಕ್ಕಿಂತ ಹೆಚ್ಚಿದ್ದರೆ ಮಾತ್ರ ಇಡಿ.

2. ಅಡ್ಡಸೀಳು: ಒಂದೇ ದಿನ, ಹಲವು ಮಾರುಕಟ್ಟೆ

ಆಗ್‌ಮಾರ್ಕ್‌ನೆಟ್ ಅಥವಾ ಕೃಷಿ ಮಾರಾಟ ವಾಹಿನಿಯಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು ಪಕ್ಕಪಕ್ಕ ನೋಡಿ. ಗರಿಷ್ಠ ಬೆಲೆ ನೋಡಿ ಗಾಡಿ ಹತ್ತಿಸಬೇಡಿ, ಅದು ಒಂದೇ ಲಾಟಿಗೆ ಸಿಕ್ಕಿರಬಹುದು. ಹೆಚ್ಚು ಮಾಲು ಮಾರಾಟವಾದ ಮಾದರಿ ಬೆಲೆಯಿಂದ ಸಾಗಣೆ, ಹಮಾಲಿ ಕಳೆಯಿರಿ. ಕಾಳಿನ ತೇವಾಂಶ ಬೇರೆ ಇದ್ದರೆ ಹೋಲಿಕೆಯೇ ತಪ್ಪು.

3. ಪ್ಯಾನೆಲ್: ಅದೇ ರೈತರು, ಹಲವು ವರ್ಷ

ನನ್ನ ತರಕಾರಿಯ ಪ್ರಶ್ನೆ ಇಲ್ಲಿ ಬರುತ್ತೆ. ನಾನು ಸಾವಯವನೂ ಹೌದು, ನೇರವಾಗಿ ಮಾರೋನೂ ಹೌದು. ಹೆಚ್ಚಿನ ದುಡ್ಡು ಯಾವುದರದ್ದು? ನನ್ನೊಬ್ಬನ ಲೆಕ್ಕದಿಂದ ಗೊತ್ತಾಗಲ್ಲ. ಹತ್ತು ರೈತರು ಸಾವಯವಕ್ಕೆ ಬರುವ ಮೊದಲು ಮತ್ತು ನಂತರ ಎಷ್ಟು ಪಡೆದರು, ಬದಲಾಗದ ಹತ್ತು ರೈತರಿಗೆ ಅದೇ ಅವಧಿಯಲ್ಲಿ ಎಷ್ಟು ಏರಿತು, ಎರಡನ್ನೂ ನೋಡಬೇಕು. ಮಾರುವ ಜಾಗ ಮಾತ್ರ ಬದಲಾಗಿರಬಾರದು. ಆಗ ಮೊದಲನೇ ಏರಿಕೆಯಲ್ಲಿ ಎರಡನೇದನ್ನು ಕಳೆದರೆ ಉಳಿಯೋದು ಹೆಚ್ಚುಕಡಿಮೆ ಸಾವಯವದ ಪಾಲು.

ಅಷ್ಟು ಜನರ ಲೆಕ್ಕ ಸಿಗೋವರೆಗೆ ನನ್ನ ಉತ್ತರ ಇಷ್ಟೇ: ನನ್ನ ರೇಟು ನೋಡಿ ಇಡೀ ಹೊಲ ಬದಲಾಯಿಸಬೇಡಿ. ಮೊದಲು ಈಗಿರೋ ಬೆಳೆಯನ್ನೇ ನಾಲ್ಕು ವಾರ ನೇರವಾಗಿ ಮಾರಿ ನೋಡಿ. ಏರಿಕೆ ಅಲ್ಲೇ ಸಿಕ್ಕರೆ, ಅದು ಗೊಬ್ಬರದ್ದಲ್ಲ, ಗಿರಾಕಿಯದ್ದು. ದಿನಾಂಕ, ತೂಕ, ಜಾಗ, ರೇಟು, ಖರ್ಚು, ಈ ಐದು ಕಾಲಂ ಇವತ್ತೇ ಮೊಬೈಲಿನಲ್ಲಿ ಶುರು ಮಾಡಿ.