ಹರಾಜಿಗೆ ಬರುವ ಪುಡಿಬಣ್ಣದ ಚಿತ್ರಗಳು

೨೦೧೨ನೆಯ ಇಸವಿಯ ಮೇ ೨ರಂದು ನ್ಯೂಯಾರ್ಕ್ ನಗರದ ಸಾದಬೀಸ್ ಸಂಸ್ಥೆಯಲ್ಲಿ ಒಂದು ಚಿತ್ರವನ್ನು ಹರಾಜಿಗಿಟ್ಟರು. ಸುಮಾರು ಹನ್ನೆರಡು ನಿಮಿಷ ಸವಾಲು ನಡೆಯಿತು. ಸುತ್ತಿಗೆ ಬಿದ್ದಾಗ ಕೂಗು ೧೦ ಕೋಟಿ ೭೦ ಲಕ್ಷ ಡಾಲರಿಗೆ ನಿಂತಿದ್ದಿತು. ಕೊಂಡವರು ಸಂಸ್ಥೆಗೆ ತೆರಬೇಕಾದ ಕಮಿಷನ್ನನ್ನೂ ಸೇರಿಸಿದರೆ ೧೧ ಕೋಟಿ ೯೯ ಲಕ್ಷ. ಅಂದಿನವರೆಗೆ ಯಾವ ಕಲಾಕೃತಿಯೂ ಬಹಿರಂಗ ಹರಾಜಿನಲ್ಲಿ ಅಷ್ಟು ಹಣವನ್ನು ತಂದಿರಲಿಲ್ಲ. ಅದು ನಾರ್ವೆ ದೇಶದ ಎಡ್ವರ್ಡ್ ಮುಂಕ್ ೧೮೯೫ರಲ್ಲಿ ಬರೆದ 'ಚೀತ್ಕಾರ'. ಇದೇ ವಿಷಯವನ್ನು ಆತ ಬಣ್ಣದಲ್ಲಿ ನಾಲ್ಕು ಸಾರಿ ಬರೆದಿದ್ದಾನೆ. ಖಾಸಗಿಯವರ ಕೈಯಲ್ಲಿ ಉಳಿದಿದ್ದುದು ಇದೊಂದೇ.

ಬೆಲೆಗಿಂತ ಹೆಚ್ಚು ಸೋಜಿಗದ ಸಂಗತಿ ಇನ್ನೊಂದುಂಟು. ಈ ಚಿತ್ರ ತೈಲವರ್ಣದ್ದಲ್ಲ, ಜಲವರ್ಣದ್ದೂ ಅಲ್ಲ. ರಟ್ಟಿನ ಮೇಲೆ ಒಣಬಣ್ಣದ ಕಡ್ಡಿಯಿಂದ ಉಜ್ಜಿದ ಪುಡಿ ಅದು. ಬೆರಳಿನಿಂದ ಸವರಿದರೆ ಬೆರಳಿಗೇ ಬಂದುಬಿಡುತ್ತದೆ. ಇಂಥ ಚಿತ್ರಕ್ಕೆ ಪ್ಯಾಸ್ಟೆಲ್ ಎಂದು ಹೆಸರು. ಇಟಲಿಯ ಭಾಷೆಯಲ್ಲಿ ಈ ಮಾತಿನ ಮೂಲಾರ್ಥ ಕಣಕ. ನುಣ್ಣಗೆ ಅರೆದ ವರ್ಣದ್ರವ್ಯಕ್ಕೆ ಸೀಮೆಸುಣ್ಣವನ್ನೋ ಬಿಳಿಯ ಜೇಡಿಮಣ್ಣನ್ನೋ ಬೆರೆಸಿ, ಗಿಡದ ಅಂಟನ್ನು ಕರಗಿಸಿದ ನೀರಿನಿಂದ ಕಲಸಿ, ಕಡ್ಡಿಗಳಾಗಿ ಹೊಸೆದು ಒಣಗಿಸುತ್ತಾರೆ. ಅಂಟು ಹೆಚ್ಚಾದರೆ ಕಡ್ಡಿ ಕಲ್ಲಾಗಿ ಕಾಗದವನ್ನು ಗೀಚುತ್ತದೆ. ಕಡಮೆಯಾದರೆ ಕೈಯಲ್ಲೇ ಪುಡಿಯಾಗುತ್ತದೆ. ಒಳ್ಳೆಯ ಕಡ್ಡಿಯಲ್ಲಿರುವ ಅಂಟು ಅತ್ಯಲ್ಪ. ಈ ಚಿತ್ರಗಳ ಸೊಗಸಿಗೂ ಸಂಕಟಕ್ಕೂ ಅದೇ ಕಾರಣ.

ಸೊಗಸಿನ ಕಾರಣವನ್ನು ತರಗತಿಯಲ್ಲಿಯೇ ನೋಡಬಹುದು. ಕರಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ಮೇಲೆ ಮೆಲ್ಲನೆ ನೀರು ಚಿಮುಕಿಸಿ. ಗೆರೆ ಬಹುಮಟ್ಟಿಗೆ ಮಾಯವಾಗುತ್ತದೆ. ನೀರು ಆರಿದೊಡನೆ ಮತ್ತೆ ಮೂಡುತ್ತದೆ. ಸುಣ್ಣ ಎಲ್ಲಿಗೂ ಹೋಗಿರಲಿಲ್ಲ. ಹಾಗಾದರೆ ಕಾಣದೆ ಹೋದುದೇಕೆ? ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ, ಎರಡರ ವಕ್ರೀಭವನಾಂಕಗಳ ಅಂತರ ಹೆಚ್ಚಿದ್ದಷ್ಟೂ ಹೆಚ್ಚು ಚದುರುತ್ತದೆ. ಗಾಳಿಯ ಅಂಕ ೧, ನೀರಿನದು ೧.೩೩, ಅಗಸೆಯೆಣ್ಣೆಯದು ಸುಮಾರು ೧.೪೮, ಸುಣ್ಣದ ಕಣದ್ದು ೧.೬ರ ಆಸುಪಾಸು. ಗಾಳಿಯಲ್ಲಿರುವ ಕಣ ಬೆಳಕನ್ನು ಬಲವಾಗಿ ಚದುರಿಸಿ ಬೆಳ್ಳಗೆ ಕಾಣುತ್ತದೆ. ಎಣ್ಣೆಯಲ್ಲಿ ಮುಳುಗಿದ ಕಣ ಹೆಚ್ಚುಕಡಮೆ ಪಾರದರ್ಶಕವಾಗುತ್ತದೆ. ಪ್ಯಾಸ್ಟೆಲಿನಲ್ಲಿ ಪ್ರತಿಯೊಂದು ಕಣದ ಸುತ್ತಲೂ ಗಾಳಿಯಿದೆ. ಮುಖದ ಮೇಲಿನ ಮೃದುವಾದ ಹೊಳಪು, ಹಣ್ಣಿನ ಮೇಲಿನ ಬೂದಿಯಂಥ ಆ ನವುರು, ಈ ಗಾಳಿಯ ಕೊಡುಗೆ. ಎಣ್ಣೆಯಾಗಲಿ ವಾರ್ನಿಷಾಗಲಿ ಇಲ್ಲವಾದುದರಿಂದ ಕಾಲಕಳೆದಂತೆ ಹಳದಿಗಟ್ಟುವ ಭಯವೂ ಇಲ್ಲ. ಜೋಪಾನವಾಗಿ ಉಳಿದ ಪ್ಯಾಸ್ಟೆಲು ಇನ್ನೂರೈವತ್ತು ವರ್ಷಗಳ ಮೇಲೂ ನಿನ್ನೆ ಬರೆದಂತೆ ಕಾಣುವುದುಂಟು.

ಪುಡಿ ಉದುರದಂತೆ ಮೇಲೆ ಅಂಟುನೀರನ್ನು ಸಿಂಪಡಿಸಿದರಾಗದೆ ಎಂದು ಕೇಳಬಹುದು. ಸಿಂಪಡಿಸುವವರು ಇದ್ದಾರೆ. ಆದರೆ ಕಣಗಳ ನಡುವಣ ಗಾಳಿಯ ಜಾಗವನ್ನು ಅಂಟು ತುಂಬಿಕೊಂಡಿತೆಂದರೆ ಹಲಗೆಯ ಮೇಲೆ ನಡೆದುದೇ ಇಲ್ಲಿಯೂ ನಡೆಯುತ್ತದೆ: ಬಣ್ಣ ಕಪ್ಪಿಡುತ್ತದೆ, ಹೊಳಪು ಸಾಯುತ್ತದೆ. ಫ್ರಾನ್ಸಿನ ಎಡ್ಗರ್ ದಗಾ ತನ್ನ ಗೆಳೆಯನಾದ ಕ್ಯಾಲಿವಾ ಎಂಬ ಇಟಲಿಯ ಚಿತ್ರಕಾರನಿಂದ ಗುಟ್ಟಿನ ದ್ರಾವಣವೊಂದನ್ನು ಪಡೆದು, ಒಂದು ಪದರವನ್ನು ಹಿಡಿದು ನಿಲ್ಲಿಸಿ ಅದರ ಮೇಲೆ ಇನ್ನೊಂದನ್ನು ಬರೆಯುತ್ತಿದ್ದ. ಆತನ 'ವಿಶ್ರಮಿಸುತ್ತಿರುವ ನರ್ತಕಿ' ೨೦೦೮ರಲ್ಲಿ ೩ ಕೋಟಿ ೭೦ ಲಕ್ಷ ಡಾಲರಿಗೆ ಹರಾಜಾಯಿತು.

ಭಾವಚಿತ್ರಕ್ಕೆ ಪ್ಯಾಸ್ಟೆಲು ಹೇಳಿ ಮಾಡಿಸಿದ ಸಾಧನ. ಎಣ್ಣೆಬಣ್ಣ ಒಣಗಲೆಂದು ದಿನಗಟ್ಟಲೆ ಕಾಯಬೇಕಾಗಿಲ್ಲ. ಎದುರಿಗೆ ಕುಳಿತವರಿಗೆ ಬೇಸರ ಬರುವ ಮೊದಲೇ ಮುಖವನ್ನು ಹಿಡಿಯಬಹುದು. ವೆನಿಸ್ಸಿನ ರೊಸಾಲ್ಬಾ ಕಾರ್ಯೆರಾ ೧೭೨೦ರಲ್ಲಿ ಪ್ಯಾರಿಸಿಗೆ ಬಂದು ಬಾಲಕ ರಾಜ ಹದಿನೈದನೆಯ ಲೂಯಿಯ ಚಿತ್ರವನ್ನು ಬರೆದಳು. ಅದೇ ವರ್ಷ ಅಲ್ಲಿಯ ರಾಜಾಶ್ರಯದ ಕಲಾ ಅಕಾಡೆಮಿ ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು. ಆಕೆ ಹಬ್ಬಿಸಿದ ಮೋಹವನ್ನು ಶಿಖರಕ್ಕೆ ಒಯ್ದವನು ಮಾರಿಸ್ ಕ್ವಾಂತ್ಯಾ ದ ಲಾ ತೂರ್. ೧೭೫೫ರಲ್ಲಿ ಪ್ರದರ್ಶಿತವಾದ ಆತನ ಮದಾಂ ಪಾಂಪದೂರಳ ಚಿತ್ರ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಎತ್ತರ ಆರಡಿಗೆ ಸ್ವಲ್ಪ ಕಡಮೆ. ಹಲವು ಕಾಗದಗಳನ್ನು ಜೋಡಿಸಿ ಬರೆದ ಈ ಚಿತ್ರವನ್ನು ಗಾಜಿಲ್ಲದೆ ಇಡುವಂತಿಲ್ಲ. ಆ ಕಾಲದಲ್ಲಿ ಅಷ್ಟಗಲದ ಗಾಜೇ ಶ್ರೀಮಂತರ ವಸ್ತು.

ಆಮೇಲೆ ಬಂದುದು ಫ್ರಾನ್ಸಿನ ಮಹಾಕ್ರಾಂತಿ. ಪುಡಿ ಹಚ್ಚಿದ ಮುಖಗಳೂ ಅವುಗಳ ಪುಡಿಬಣ್ಣದ ಚಿತ್ರಗಳೂ ಒಟ್ಟಿಗೇ ಬೇಡವಾದುವು. ಲಾ ತೂರ್ ತನ್ನ ಹುಟ್ಟೂರಾದ ಸ್ಯಾಂ ಕ್ವಾಂತ್ಯಾದಲ್ಲಿ ಒಂದು ಉಚಿತ ಚಿತ್ರಕಲಾ ಶಾಲೆಯನ್ನು ತೆರೆದಿದ್ದ. ಆತನ ಮನೆಯಲ್ಲಿ ಉಳಿದಿದ್ದ ಚಿತ್ರಗಳು ತಮ್ಮನ ಮೂಲಕ ಆ ಊರಿಗೆ ಸೇರಿದುವು. ಅವುಗಳನ್ನು ಮಾರಿ ಆ ಹಣದಿಂದ ಶಾಲೆಯನ್ನು ನಡೆಸಬೇಕೆಂಬುದು ಉದ್ದೇಶ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಪ್ಯಾರಿಸಿನಲ್ಲಿ ಕೆಲವನ್ನು ಮಾರಾಟಕ್ಕಿಟ್ಟರೆ ಬಂದ ಬೆಲೆ ನಾಚಿಕೆಪಡುವಷ್ಟು ಸ್ವಲ್ಪ. ಮಾರಾಟವನ್ನೇ ನಿಲ್ಲಿಸಿದರು. ಆ ದಿನ ಒಳ್ಳೆಯ ಬೆಲೆ ಬಂದಿದ್ದರೆ ಚಿತ್ರಗಳು ಊರೂರಿಗೆ ಚದುರಿಹೋಗುತ್ತಿದ್ದುವು. ಕೊಳ್ಳುವವರಿಲ್ಲದೆ ಹೋದುದರಿಂದಲೇ ಅವು ಇಂದಿಗೂ ಸ್ಯಾಂ ಕ್ವಾಂತ್ಯಾದ ಸಂಗ್ರಹಾಲಯದಲ್ಲಿ ಒಟ್ಟಿಗೆ ಇವೆ.

ಇನ್ನು ಹರಾಜಿನ ಪಟ್ಟಿಯನ್ನು ಓದುವ ಬಗೆ. ಅಲ್ಲಿ ಒಂದೊಂದು ಮಾತಿಗೂ ಬೆಲೆಯಿದೆ. 'ಲಾ ತೂರ್' ಎಂದಷ್ಟೇ ಇದ್ದರೆ ಅದು ಆತನದೇ ಎಂದು ಮಾರುವವರ ನಂಬಿಕೆ. 'ಲಾ ತೂರನದೆನ್ನಲಾದುದು' ಎಂದರೆ ನಂಬಿಕೆ ಸಡಿಲವಾಯಿತು. 'ಲಾ ತೂರನನ್ನು ಅನುಸರಿಸಿ' ಎಂದರೆ ಬರಿಯ ಪ್ರತಿ. ಮಾತು ಬದಲಾದಂತೆ ಬೆಲೆಯ ಒಂದೆರಡು ಸೊನ್ನೆಗಳು ಕಳಚಿಬೀಳುತ್ತವೆ. ಒಂದೇ ಭಾವಚಿತ್ರದ ಪ್ರತಿಗಳನ್ನು ಮನೆತನದವರು ಆ ಕಾಲದಲ್ಲಿಯೇ ಮಾಡಿಸಿಕೊಳ್ಳುತ್ತಿದ್ದರು. ಆದುದರಿಂದ ಹಳೆಯದೆಲ್ಲ ಮೂಲವೆಂದು ತಿಳಿಯುವಂತಿಲ್ಲ.

ಇಲ್ಲಿ ರಸಾಯನಶಾಸ್ತ್ರ ನೆರವಿಗೆ ಬರುತ್ತದೆ. ಪ್ರಷ್ಯನ್ ನೀಲಿಯನ್ನು ಬರ್ಲಿನ್ನಿನಲ್ಲಿ ೧೭೦೬ರ ಸುಮಾರಿಗೆ ಕಂಡುಹಿಡಿದರು. ೧೬೯೦ರದೆಂದು ಹೇಳುವ ಚಿತ್ರದಲ್ಲಿ ಅದಿದ್ದರೆ ಸಂದೇಹಪಡಲೇಬೇಕು. ಟೈಟಾನಿಯಂ ಬಿಳುಪು ಬಳಕೆಗೆ ಬಂದುದು ಮೊದಲನೆಯ ಮಹಾಯುದ್ಧದ ಕಾಲದಿಂದೀಚೆಗೆ. ಹದಿನೆಂಟನೆಯ ಶತಮಾನದ ಮುಖದಲ್ಲಿ ಅದು ಕಂಡುಬಂದರೆ ಚಿತ್ರ ಹುಸಿ, ಇಲ್ಲವೆ ಈಚೆಗೆ ಯಾರೋ ತಿದ್ದಿದ್ದಾರೆ. ಮುಟ್ಟಿದರೆ ಉದುರುವ ಚಿತ್ರದಲ್ಲಿ ಇವನ್ನು ಪತ್ತೆಮಾಡುವುದು ಹೇಗೆ? ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ರಾಮನ್ ಪರಿಣಾಮವೇ ಇಲ್ಲಿ ಒಂದು ದಾರಿ. ಸರ್ ಸಿ. ವಿ. ರಾಮನ್ ಅವರು ೧೯೩೩ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲಸಿದುದು ಓದುಗರಿಗೆ ಗೊತ್ತೇ ಇದೆ. ಒಂದೇ ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದು ಚದುರುವಾಗ, ಅದರಲ್ಲಿ ಅತ್ಯಲ್ಪ ಭಾಗದ ಅಲೆಯುದ್ದ ಬದಲಾಗುತ್ತದೆ. ಎಷ್ಟು ಬದಲಾಯಿತೆಂಬುದು ವಸ್ತುವಿನ ಅಣುರಚನೆಯನ್ನು ಅವಲಂಬಿಸಿದೆ. ಮಂದವಾದ ಲೇಸರ್ ಕಿರಣವನ್ನು ಹಾಯಿಸಿ, ಒಂದು ಕಣವನ್ನೂ ಕೀಳದೆ, ಹಲವು ವರ್ಣದ್ರವ್ಯಗಳನ್ನು ಗುರುತಿಸಬಹುದು.

ಚಿತ್ರದ ಆರೋಗ್ಯವನ್ನು ಅರಿಯಲು ಇಷ್ಟೆಲ್ಲ ಬೇಡ. ಕಿರಮಂಜಿಯಂಥ ಕೆಂಪುಗಳು ಬೆಳಕಿಗೆ ಮಾಸುತ್ತವೆ. ಕೆನ್ನೆ ಬಿಳಿಚಿದ್ದು, ಚೌಕಟ್ಟಿನ ಅಂಚಿನ ಕೆಳಗೆ ಅವಿತ ಪಟ್ಟಿಯಲ್ಲಿ ಕೆಂಪು ಉಳಿದಿದ್ದರೆ ಮೊದಲ ಬಣ್ಣ ಅದೇ ಎಂದು ತಿಳಿಯಬಹುದು. ತೇವ ತಗಲಿದ್ದರೆ ಬೂಷ್ಟಿನ ಚುಕ್ಕೆಗಳಿರುತ್ತವೆ. ಹದಿನೆಂಟನೆಯ ಶತಮಾನದ ಅನೇಕ ಚಿತ್ರಗಳಲ್ಲಿ ಕಾಗದವನ್ನು ಬಿಗಿದ ಬಟ್ಟೆಗೆ ಅಂಟಿಸಿರುತ್ತಾರೆ. ಗಾಡಿಯ ಅಲುಗಾಟಕ್ಕೆ ಅದು ಡೋಲಿನ ಚರ್ಮದಂತೆ ಕಂಪಿಸಿ ಪುಡಿಯನ್ನು ಉದುರಿಸುತ್ತದೆ. ಆದ ಕಾರಣ ಮುಖ ಮೇಲಾಗಿ ಮಲಗಿಸಿಯೇ ಸಾಗಿಸಬೇಕು; ಎಷ್ಟೋ ಸಂಗ್ರಹಾಲಯಗಳು ಪ್ಯಾಸ್ಟೆಲನ್ನು ಎರವಲು ಕೊಡಲೊಪ್ಪುವುದೇ ಇಲ್ಲ. ಗಾಜಿನ ಬದಲು ಸಾಧಾರಣ ಅಕ್ರಿಲಿಕ್ ಹಾಳೆಯನ್ನು ಹಾಕಿದರೆ ಇನ್ನೂ ಕೇಡು. ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಸೆಳೆಯುವಂತೆ, ಒರಸಿದ ಹಾಳೆ ವಿದ್ಯುದಾವೇಶ ಪಡೆದು ಬಣ್ಣವನ್ನೇ ಎಳೆದುಕೊಳ್ಳುತ್ತದೆ.

ಹರಾಜಿನ ಮುನ್ನಾದಿನಗಳಲ್ಲಿ ಚಿತ್ರವನ್ನು ನೋಡಲು ಬಿಡುತ್ತಾರೆ. ಬಲ್ಲವರು ಮೊದಲು ನೋಡುವುದು ಮುಖವನ್ನಲ್ಲ, ಚೌಕಟ್ಟಿನ ಒಳಗಡೆ ಗಾಜಿನ ಕೆಳ ಅಂಚನ್ನು. ಅಲ್ಲಿ ಬಣ್ಣದ ಸಣ್ಣ ಸಾಲು ಕಂಡರೆ ಅದು ಚಿತ್ರದಿಂದ ಉದುರಿದ ಭಾಗ. ಆ ಪುಡಿಯನ್ನು ಯಾವ ಕುಶಲಿಯೂ ತಿರುಗಿ ಅದರ ಜಾಗಕ್ಕೆ ಕೂಡಿಸಲಾರ.